ಓದಿ ಹೇಳುವವನ ಕತ್ತರಿ

ಇನ್ನೊಬ್ಬರಿಗೆ ಬಂದ ಕಾಗದವನ್ನು ಗಟ್ಟಿಯಾಗಿ ಓದಿ ಹೇಳುವುದರಲ್ಲಿ ಒಂದು ಸುಖವಿದೆ. ಆ ಸುಖವನ್ನು ನಾನು ಬಹುಕಾಲ ಸಮಾಜಸೇವೆಯೆಂದೇ ನಂಬಿದ್ದೆನೆಂದು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಕಂಠ ನನ್ನದು. ಕರೆಂಟ್ ಬಿಲ್ಲನ್ನು ಓದಿದರೂ ಕೊನೆಯಲ್ಲಿ ಯಾರಾದರೂ ಚಪ್ಪಾಳೆ ತಟ್ಟಿಯಾರೆಂದು ಒಂದು ಕ್ಷಣ ಕಾಯುತ್ತದೆ.

ಈ ಚಟ ಊರಿನಿಂದಲೇ ಬಂದಿರಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಗುಂಡಗುರ್ತಿಯಲ್ಲಿ ಶ್ರಾವಣಮಾಸದ ಪುರಾಣವನ್ನು ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅರ್ಥ ಹೇಳುವ ಅಜ್ಜನವರು ಕೂತವರ ಮುಖ ನೋಡಿಕೊಂಡು ಯುದ್ಧವನ್ನು ಹಿಗ್ಗಿಸುತ್ತಿದ್ದರು, ವೈರಾಗ್ಯವನ್ನು ಕುಗ್ಗಿಸುತ್ತಿದ್ದರು. ಅಂಚೆಯವನದೂ ಅದೇ ಪದ್ಧತಿ. ಓದು ಬಾರದವರ ಮನೆಗೆ ಸಾವಿನ ಸುದ್ದಿ ಬಂದರೆ ‘ಮೈಯಾಗ ಭಾಳ ಆರಾಮಿಲ್ಲಂತ’ ಎಂದಷ್ಟೇ ಓದಿ ಸೈಕಲ್ಲು ಹತ್ತುತ್ತಿದ್ದ. ಓದುವವನ ಕೈಯಲ್ಲಿ ಒಂದು ಕಾಣದ ಕತ್ತರಿಯಿರುತ್ತದೆ. ಊರವರು ಅದನ್ನು ಕರುಣೆ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ, ಮೆಹರುನ್ನೀಸಾಳ ಕಾಗದದ ತನಕ.

ಮೆಹರು ಚಿತ್ತಾಪುರದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಹುಟ್ಟಿನಿಂದ ಕಣ್ಣು ಕಾಣದು. ಬಿ.ಎಡ್. ಮುಗಿಸಿ ವಾಡಿಯಲ್ಲಿ ತಾಯಿ ಜೈನಬಿಯವರೊಂದಿಗೆ ಇದ್ದಾಳೆ. ತಾಯಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬಾರದು. ಹೀಗಾಗಿ ಆ ಮನೆಗೆ ಕನ್ನಡದಲ್ಲಿ ಏನೇ ಬರಲಿ, ಓದುವ ಹಕ್ಕನ್ನು ನಾನೇ ವಹಿಸಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಹೋಗಿ ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕುಳಿತು, ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಸಭೆ ಆರಂಭವಾದಂತೆ.

ಒಂದು ಭಾನುವಾರ ಸೇಡಂನ ಖಾಸಗಿ ಪ್ರೌಢಶಾಲೆಯೊಂದರಿಂದ ಕಾಗದ ಬಂದಿತ್ತು. ಕನ್ನಡ ಶಿಕ್ಷಕಿಯ ಹುದ್ದೆಗೆ ಸಂದರ್ಶನ. ಮೂರು ವರ್ಷ ಹತ್ತಾರು ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ ಅದು. ದಿನಾಂಕ, ವೇಳೆ, ತರಬೇಕಾದ ಪ್ರಮಾಣಪತ್ರಗಳು, ಎಲ್ಲವನ್ನೂ ಗಂಭೀರವಾಗಿ ಓದಿದೆ. ನಡುವೆ ಒಂದು ಸಾಲಿತ್ತು: ದೃಷ್ಟಿಯಿಲ್ಲದ ಅಭ್ಯರ್ಥಿಯು ಕಪ್ಪುಹಲಗೆಯ ಕೆಲಸವನ್ನೂ ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನೂ ಹೇಗೆ ನಿರ್ವಹಿಸುವರೆಂಬುದನ್ನು ಸಂದರ್ಶನದಲ್ಲಿ ವಿವರಿಸತಕ್ಕದ್ದು. ಆ ಸಾಲಿನಲ್ಲಿ ನನಗೆ ಕಂಡದ್ದು ಅವಮಾನ ಮಾತ್ರ. ಇಷ್ಟು ಸಂತೋಷದ ಮುಖದೆದುರು ಅದನ್ನು ಓದುವುದುಂಟೆ? ಮುಖ್ಯೋಪಾಧ್ಯಾಯರೊಡನೆ ಆಮೇಲೆ ನಾನೇ ವಾದಿಸಿದರಾಯಿತೆಂದು ಸಾಲನ್ನು ದಾಟಿ ಮುಂದೆ ಹೋದೆ.

ಸಂದರ್ಶನಕ್ಕೆ ಜೊತೆಗೆ ಹೋದವನೂ ನಾನೇ. ಒಳಗೆ ಕೇಳಿದ ಮೊದಲ ಪ್ರಶ್ನೆಯೇ ನಾನು ದಾಟಿದ ಸಾಲಿನದು. ಸಿದ್ಧಳಿಲ್ಲದ ಮೆಹರು ತಡವರಿಸಿದಳು. ‘ಮೊದಲೇ ಬರೆದು ತಿಳಿಸಿದ್ದೆವಲ್ಲಮ್ಮಾ’ ಎಂದರಂತೆ ಮುಖ್ಯೋಪಾಧ್ಯಾಯರು. ಹಿಂದಿರುಗುವಾಗ ರೈಲಿನಲ್ಲಿ ನಾನು ಸಮಾಜದ ಕುರುಡುತನವನ್ನು ಕುರಿತು ಚಿತ್ತಾಪುರದವರೆಗೂ ಭಾಷಣ ಮಾಡಿದೆ. ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನ ಫೋನು ಬಂತು.

“ಸರ್, ಆ ಕಾಗದ ನಾ ಮೊಬೈಲ್ ಕಡಿಂದ ಓದಿಸಿದೆ. ಮ್ಯಾಲಿನ ಸಂಘದ ಹೆಸರು, ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನ ನಂಬರ್, ಎಲ್ಲಾ ಓದ್ತು. ನಡುವಿನ ಸಾಲೂ ಓದ್ತು.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನೀವ್ಯಾಕ ಬಿಟ್ರಿ?”

“ನಿನಗ ನೋವಾಗ್ತದಂತ, ಮೆಹರು.”

“ನೋವು ನಂದಲ್ಲೇನ್ರಿ ಸರ್? ಮನ್ಯಾಗ ಆಗಿದ್ರ ರಾತ್ರಿ ಅತ್ತು ಮುಂಜಾನಿಗಿ ಉತ್ತರ ಹುಡುಕ್ತಿದ್ದೆ. ಅವ್ರ ಮುಂದ ಆತು.”

ಕ್ಯಾಮೆರಾ ಹಿಡಿದರೆ ಕಾಗದವನ್ನು ಓದುವ ಸೌಕರ್ಯ ಫೋನಿನಲ್ಲಿ ಯಾವಾಗಿನಿಂದ ಇದೆ ಎಂದು, ಮಾತು ತಿರುಗಿಸುವುದಕ್ಕಾಗಿ ಕೇಳಿದೆ.

“ಒಂದು ವರ್ಷ ಆತ್ರಿ. ನೀವು ಅಷ್ಟು ದೂರದಿಂದ ಬರ್ತೀರಿ, ಓದೋದಂದ್ರ ನಿಮಗ ಖುಷಿ. ಅದಕ್ಕ ಕಾಗದ ನಿಮಗಂತ ಇಟ್ಟುಕೊಂಡಿರ್ತಿದ್ದೆ.”

ಓದುಗ ಮಿತ್ರರೆ, ಒಂದು ವರ್ಷದಿಂದ ನಾನು ಮಾಡುತ್ತಿದ್ದ ಉಪಕಾರವನ್ನು ಆಕೆ ನನ್ನ ಮೇಲಿನ ದಾಕ್ಷಿಣ್ಯದಿಂದ ಸಹಿಸಿಕೊಂಡಿದ್ದಳು. ಯಂತ್ರಕ್ಕೆ ಹೃದಯವಿಲ್ಲವೆಂಬ ವಿಷಯದ ಮೇಲೆ ನಾನು ಒಮ್ಮೆ ಚರ್ಚಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದಿದ್ದೇನೆ. ಹೃದಯವಿಲ್ಲದ್ದರಿಂದಲೇ ಅದು ಪ್ರೆಸ್ಸಿನ ನಂಬರಿಗೂ ಅವಮಾನದ ಸಾಲಿಗೂ ಒಂದೇ ಮರ್ಯಾದೆ ಕೊಡುತ್ತದೆಂಬ ಮಾತು ಅಂದು ನನ್ನ ಎದುರಾಳಿಗೆ ಹೊಳೆಯದೆ ಹೋದದ್ದು ನನ್ನ ಪುಣ್ಯ.

ಶಾಲೆಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆಂದೆ. “ಬ್ಯಾಡ್ರಿ, ನಾನೇ ಬರ್ದೀನಿ,” ಎಂದಳು. ಫೋನಿಗೆ ಹೇಳಿ ಬರೆಸಿ, ತಾನೇ ತಿದ್ದಿ ಕಳಿಸಿದ್ದಳು: ನಿಮ್ಮ ಕಾಗದದ ಒಂದು ಸಾಲು ನನ್ನನ್ನು ಮುಟ್ಟಿರಲಿಲ್ಲ, ಈಗ ಮುಟ್ಟಿದೆ, ಇನ್ನೊಂದು ಅವಕಾಶ ಕೊಡಿ. ಸಾಲು ಯಾರ ಬಾಯಲ್ಲಿ ಉಳಿಯಿತೆಂದು ಬರೆದಿರಲಿಲ್ಲ. ಅವರು ಕರೆದರು. ಹಲಗೆಯ ಮೇಲೆ ಮಕ್ಕಳಿಂದಲೇ ಬರೆಸುವೆನೆಂದೂ, ಆಗ ಇಡೀ ತರಗತಿ ತಪ್ಪು ಹುಡುಕಲು ಎಚ್ಚರವಾಗಿರುವುದೆಂದೂ ಹೇಳಿದಳಂತೆ. ಮಕ್ಕಳ ಕೈಬರಹವನ್ನು ಫೋನು ಸರಿಯಾಗಿ ಓದದು ಎಂಬುದನ್ನೂ ಮುಚ್ಚಿಡಲಿಲ್ಲ. ಒಬ್ಬರ ಉತ್ತರವನ್ನು ಇನ್ನೊಬ್ಬರಿಂದ ಓದಿಸಿ ಅಂಕ ಕೊಡುವೆನೆಂದಳು. ಈ ಸಲ ನಾನು ಹೋಗಿರಲಿಲ್ಲ. ವಾಡಿಯಲ್ಲಿ ರೈಲು ಹತ್ತಿ, ಸೇಡಂನಲ್ಲಿ ಇಳಿದು, ಬಿಳಿಕೋಲು ಹಿಡಿದು ತಾನೇ ಶಾಲೆ ಮುಟ್ಟಿದ್ದಳು.

ಶಾಲೆಯ ತೀರ್ಮಾನ ಬಂದ ದಿನ ನಾನು ವಾಡಿಯ ಆ ಮನೆಯಲ್ಲಿಯೇ ಇದ್ದೆ. ಅಭ್ಯಾಸಬಲದಿಂದ ಲಕೋಟೆಗೆ ಕೈ ಚಾಚಿ, ಹಿಂದಕ್ಕೆಳೆದುಕೊಂಡೆ. ಮೆಹರು ಕಾಗದವನ್ನು ಫರಸಿಯ ಮೇಲೆ ಹರಡಿ, ಅಂಚುಗಳನ್ನು ಬೆರಳಿಂದ ತಡವಿ, ಫೋನನ್ನು ಮೇಲೆ ಹಿಡಿದಳು. ಫೋನು ಓದತೊಡಗಿತು. ಆಕೆ ದಿನವೂ ಕೇಳುವ ವೇಗ ಅದು. ತಗಡಿನ ಮೇಲೆ ಜೋಳ ಸುರಿದಂತೆ ಸದ್ದು. ಎರಡು ಕಣ್ಣು, ಎರಡು ಕಿವಿ, ಒಂದು ಸ್ನಾತಕೋತ್ತರ ಪದವಿಯುಳ್ಳ ನನಗೆ ಒಂದು ಪದವೂ ತಿಳಿಯಲಿಲ್ಲ. ಆಕೆಯ ಮುಖವನ್ನೇ ನೋಡುತ್ತ ಕೂತೆ. ಮುಖದಲ್ಲಿ ಏನೂ ಇರಲಿಲ್ಲ.

“ಕ್ಯಾ ಬೋಲ್ರಾ ಬೇಟಿ?” ಎಂದು, ಫೋನು ಏನು ಹೇಳುತ್ತಿದೆಯೆಂದು ಕೇಳಿದರು ಜೈನಬಿ.

ಮೆಹರು ತಾಯಿಗೆ ಕೈಸನ್ನೆ ಮಾಡಿ ಇನ್ನೊಮ್ಮೆ ಮೊದಲಿನಿಂದ ಓದಿಸಿದಳು. ಆ ಅರ್ಧ ನಿಮಿಷದಷ್ಟು ದೀರ್ಘವಾದುದನ್ನು ನಾನು ಕಂಡಿಲ್ಲ.

“ತಗೊಂಡಾರ್ರಿ ಸರ್. ಆದ್ರ ಒಂದೇ ವರ್ಷಕ್ಕ. ಅಂಕ ಕೊಡೋದ್ರ ಬಗ್ಗೆ ಅವ್ರಿಗೆ ಇನ್ನೂ ಸಂಶಯ ಅದಂತ.”

“ಸಂಶಯ ಅಂತ ಕಾಗದದಾಗೇ ಬರದಾರೇನು?”

“ಬರದಾರ್ರಿ. ಆ ಸಾಲು ಬಿಟ್ಟು ಹೇಳ್ಲೇನು ನಿಮಗ?”

ಜೈನಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಚಹಾಕ್ಕೆ ಎದ್ದರು. ಮೆಹರು ಫೋನಿನ ವೇಗ ತಗ್ಗಿಸಿ, ಆ ಸಂಶಯದ ಸಾಲನ್ನು ಮಾತ್ರ ಇನ್ನೊಮ್ಮೆ ಓದಿಸಿದಳು. ನನಗಾಗಿ ಎಂದುಕೊಂಡೆ. ಅಲ್ಲ, ಆಕೆಯ ತುಟಿಗಳು ಆಗಲೇ ಅಲುಗುತ್ತಿದ್ದವು, ಅದಕ್ಕೆ ಉತ್ತರ ಕಟ್ಟುತ್ತಿದ್ದಳು.