ತಲೆಬುರುಡೆಯ ಗೆಳತಿ

ಮುಲುಂಡ್ ಲೋಕಲ್ ರೈಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬ್ಯಾಂಕಿನಾಕೆ, ರಜೆ ಸಿಕ್ಕರೆ ಪರದೇಶದ ಸ್ಮಶಾನಗಳಿಗೆ ಹೋಗುವವಳು. ಶವಪೆಟ್ಟಿಗೆಯನ್ನೇ ಮೇಜು ಮಾಡಿದ ಕ್ಲಬ್ಬುಗಳಲ್ಲಿ ಕಪ್ಪು ಲಿಪ್‌ಸ್ಟಿಕ್ ಹಚ್ಚಿ ಕುಣಿದ ಫೋಟೋಗಳನ್ನು ಬೆರಳಿಂದ ಸರಿಸಿ ಸರಿಸಿ ತೋರಿಸುವಳು. "ಸತ್ತವ್ರಿಗೂ ಬ್ಯಾಸರ ಆಗತೈತ್ರಿ" ಎನ್ನುವುದು ಅವಳ ಮಾತು. ನಾನು ಕಿಟಕಿಯಾಚೆ ನೋಡುತ್ತಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಸೀಲೂ ಬಿದ್ದಿರಲಿಲ್ಲ.

ಒಮ್ಮೆ ಮೆಕ್ಸಿಕೋಗೆ ಹೊರಟವಳು, ತೀರಿಕೊಂಡ ನಮ್ಮವ್ವನ ಫೋಟೋ ಕೇಳಿದಳು. "ಅಲ್ಲಿ ಸತ್ತವ್ರ ಹಬ್ಬ ಐತ್ರಿ. ಅವ್ವಗ ಎಡಿ ಇಡತೇನಿ." ಕೊಟ್ಟೆ.

ಬಂದವಳೇ ಮೊಬೈಲ್ ಚಾಚಿದಳು. ಚೆಂಡುಹೂ, ಮೇಣದಬತ್ತಿ, ಸಕ್ಕರೆಯ ಬುರುಡೆಗಳ ನಡುವೆ ಅವ್ವ. "ಬ್ಯಾಂಡ್ ಹಚ್ಚಿದ್ರು ನೋಡ್ರಿ, ಅವ್ವನ ಮುಂದ!"

ಬದುಕಿದ್ದಾಗ ಪುಣೆಯನ್ನೂ ಕಾಣದ ಅವ್ವ, ನನಗಿಂತ ಮೊದಲು ಪರದೇಶಕ್ಕೆ ಹೋಗಿಬಂದಿದ್ದಳು. ನನ್ನ ಕಣ್ಣು ತುಂಬಿದ್ದು ಕಂಡು ಆಕೆ ಬೆನ್ನು ಸವರಿದಳು. ಅದು ದುಃಖವಲ್ಲ ಎಂದು ಹೇಗೆ ಹೇಳಲಿ?