ಮೂಠ ಕೇಳಿದರೆ ಮೂಟೆ ಬಿಚ್ಚಿಸಿದೆ

ಆ ಕತ್ತಿ ತಯಾರಾದದ್ದು ನನ್ನ ಜಾಣತನದಿಂದಲ್ಲ, ನನ್ನ ಕಿವಿ ತಪ್ಪು ಕೇಳಿದ್ದರಿಂದ. ಮನೆಯವರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಮಗನಿಗೆ ಬ್ಯಾಂಕಿನಲ್ಲಿ ಕೆಲಸ. ಬೀದರಿನಿಂದ ನಾಸಿಕಕ್ಕೆ ವರ್ಗವಾದಾಗ ನಾನೂ ಜೊತೆಗೆ ಬಂದೆ. ಎಂಟನೇ ಇಯತ್ತೆಯ ಮೊಮ್ಮಗಳಿಗೆ ಕಂಪ್ಯೂಟರಿನಲ್ಲಿ ಒಂದು ಆಟದ ಹುಚ್ಚು. ಅದರಲ್ಲಿ ಕಾಡು ಸುತ್ತಿ ಕಬ್ಬಿಣ, ಚರ್ಮ ಕೂಡಿಸಿ, ಕತ್ತಿಯ ಒಂದೊಂದೇ ಭಾಗ ಮಾಡಿ ಜೋಡಿಸಬೇಕು. ಆಮೇಲೆ ರಾಕ್ಷಸನ ಎದುರಿಗೇ ನಿಂತು ಹೊಡೆಯಬೇಕು. ಔರಂಗಾಬಾದಿನಲ್ಲಿ ಕಾಲೇಜು ಓದುತ್ತಿದ್ದ ನನ್ನ ಮಗಳ ಮಗಳು ಇವಳು ಆಡುವ ತಂಡದ ಯಜಮಾನಿ. ಅವತ್ತು ಫೋನಿನಲ್ಲಿ ಇವಳಿಗೆ ಹೇಳಿಬಿಟ್ಟಳು:

"ಐದಕ್ಕ ಲಡಾಯಿ ಅದ. ಕತ್ತಿ ಇಲ್ಲಂದ್ರ ಬರಬ್ಯಾಡ. ನಿನ್ನ ಜಾಗಾಕ್ಕ ಬ್ಯಾರೇದವರಿಗಿ ತಗೋತೀನಿ."

ನಾನು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ. ನಾಸಿಕದವಳು ಅಳುಮುಖ ಮಾಡಿಕೊಂಡು ಬಂದಳು.

"ಅಜ್ಜಿ, ಅಲಗು ಆಯ್ತು, ಚರ್ಮದ ಪಟ್ಟಾ ಆಯ್ತು. ಮೂಠಚ್ ಇಲ್ಲ!"

ಮೂಠ ಎಂದರೆ ಮರಾಠಿಯಲ್ಲಿ ಹಿಡಿ. ನನಗೆ ಕೇಳಿಸಿದ್ದು ಮೂಟೆ.

"ಮೂಟಿ ಇಲ್ಲಂದ್ರ? ಇಷ್ಟು ದಿನಾ ಕೂಡಿಸಿದ್ದು ಯಾತರಾಗ ಹಾಕೀದಿ? ಬಿಚ್ಚು. ಏನೇನದ ಓದು."

"ಅಯ್ಯೋ, ಆ ಮೂಟಿ ಅಲ್ಲ ಅಜ್ಜಿ..."

"ಓದಂದ್ರ ಓದು."

ನನ್ನ ಬಾಯಿ ಮುಚ್ಚಿಸಲೆಂದೇ ಕಂಪ್ಯೂಟರಿನ ಮುಂದೆ ಹೋಗಿ ಗಟ್ಟಿಯಾಗಿ ಓದಿದಳು. ತೋಳದ ಚರ್ಮ, ಒಣಬೇರು, ಒಡಕು ಗುರಾಣಿ.

"ಮತ್ತ ಒಂದು ಮುರದ ತಲವಾರ. ಕಚರಾ. ಒಗೀಬೇಕು."

"ಮುರದದ್ದು ಅಲಗೋ, ಹಿಡಿಯೋ?"

"ಅಲಗು."

"ಕುಡಗೋಲು ಮುರದ್ರ ನಾವು ಹಿಡೀನೂ ಒಗೀತಿದ್ವೇನು, ಹುಚ್ಚಿ?"

ತಟ್ಟನೆ ಏನೋ ಒತ್ತಿದಳು. ಹಳೆಯ ಕತ್ತಿ ತುಂಡುತುಂಡಾಯಿತು, ಹಿಡಿ ಬೇರೆಯಾಗಿ ಬಿತ್ತು. ನಾಲ್ಕು ದಿನದಿಂದ ಹೊಸ ಹಿಡಿ ಮಾಡಲು ಒದ್ದಾಡಿದ್ದಳು. ಹಳೆಯದನ್ನು ಬಿಚ್ಚಬಹುದೆಂದು ಹೊಳೆದಿರಲೇ ಇಲ್ಲ. ಅಲಗಿಗೆ ಹಿಡಿ ಕೂತಾಗ ಗಂಟೆ ಐದಾಗಲು ಇನ್ನು ಹತ್ತೇ ನಿಮಿಷ.

ಸೊಪ್ಪು ಬಿಟ್ಟು ನಾನೂ ಪಕ್ಕದಲ್ಲಿ ಕುಳಿತೆ. ಯಜಮಾನಿ ಎರಡು ಸಲ ಬಿದ್ದಳು. ನಮ್ಮವಳು ಹಿಂದೆ ಸರಿಯಲಿಲ್ಲ. ರಾಕ್ಷಸ ಉರುಳಿದ್ದು ಅವಳ ಏಟಿಗೇ. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರು ಮನೆಯವರು ಬಾಗಿಲು ತೆರೆದರು.

ಫೋನಿನಲ್ಲಿ ಔರಂಗಾಬಾದಿನವಳು, "ಹಿಡಿ ಎಲ್ಲಿ ಸಿಕ್ತ ನಿನಗ?" ಎಂದಳು.

"ಅಜ್ಜಿ ಹೇಳ್ಯಾಳ!"

"ಸುಳ್ಳು! ಅಜ್ಜಿಗಿ ಟಿವಿ ಹಚ್ಚಲಿಕ್ಕೂ ಬರಲ್ಲ."

ಅದು ನಿಜವೇ. ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಮೊಮ್ಮಗಳನ್ನು ಎಬ್ಬಿಸಿ, ಅವಳ ಕುರ್ಚಿಯಲ್ಲಿ ಕುಳಿತು, "ಎಲ್ಲಿ ಒತ್ತಬೇಕು, ತೋರಸು" ಎಂದೆ.