ಬಂದದ, ಬಂದ್ ಅದ

ಪುಣೆಯಿಂದ ಭೋರ್ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ ಕೊಳಚೆ ನೀರಿನ ಪಂಪ್‌ಹೌಸ್ ಇದೆ. ಊರಿನ ಪೈಪು, ಚೇಂಬರು, ಮೋಟಾರುಗಳನ್ನೆಲ್ಲ ಪಟ್ಟಿ ಮಾಡಿ, ಯಾವುದು ಇನ್ನೆಷ್ಟು ವರ್ಷ ಬಾಳೀತು ಎಂದು ಬರೆದುಕೊಡಲು ನನ್ನನ್ನು ಕಳಿಸಿದ್ದರು. ನಾನು ಮೈಸೂರಿನವಳು. ಪಂಪ್ ನಡೆಸುತ್ತಿದ್ದವರು ಯಾದಗಿರಿ ಕಡೆಯ ಅಣ್ಣ ತಮ್ಮ. ಅಣ್ಣನಿಗೆ ಐವತ್ತು ದಾಟಿತ್ತು, ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಮರಾಠಿಯಲ್ಲಿ ತಡವರಿಸಿ ಸಾಕಾಗಿದ್ದ ನನಗೆ ಅವರ ಕನ್ನಡ ಕೇಳಿದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

"ಈ ಮೋಟಾರಿಗೆ ಎಷ್ಟು ವರ್ಷ ಆಯ್ತು ಕಾಕಾ?"

"ಕಾಗದದಾಗ ಏನ್ ಬರದಾರೋ ಗೊತ್ತಿಲ್ರಿ ಮೇಡಮ್. ಸದ್ದು ಕೇಳ್ರಿ, ಭಾಳ ದಣದದ."

ನಾನು 'ಸ್ಥಿತಿ: ಸಾಧಾರಣ' ಎಂದು ಬರೆದುಕೊಂಡೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಪಂಪಿನ ಬಾಯಿಗೆ ಹಳೇ ಸೀರೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ತಮ್ಮ ಕೆಳಗಿಳಿದರು, ಮೇನ್ ಸ್ವಿಚ್ ಆಫ್ ಮಾಡಲು ಕಾಕಾ ಮೇಲೆ ಹೋದರು. ಮೇಲಿನ ಮಾತು ಕೆಳಗೆ ಕೇಳಿಸುವುದಿಲ್ಲವೆಂದು ನಾನು ಮೆಟ್ಟಿಲ ಮಧ್ಯೆ ನಿಂತೆ.

"ಕರೆಂಟ್ ಏನಾಯ್ತು ಕಾಕಾ?"

"ಬಂದದ ರೀ!"

ನನಗೆ ಕೇಳಿಸಿದ್ದು 'ಬಂದ್ ಅದ'. ಅವರ ಮಾತಿನಲ್ಲಿ ಬಂದ್ ಅದ ಎಂದರೆ ನಿಂತಿದೆ, ಬಂದದ ಎಂದರೆ ಬಂದಿದೆ. ಇನ್ನೊಮ್ಮೆ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಅವರ ಕನ್ನಡ ನನಗೆ ಪೂರಾ ಬರುತ್ತದೆ ಎಂಬ ಜಂಬ. "ಆಫ್ ಆಗಿದೆ, ಕೈ ಹಾಕಿ" ಎಂದು ಕೆಳಗೆ ಹೇಳಿದವಳು ನಾನೇ.

ಮೇಲೆ ತುಕ್ಕು ಹಿಡಿದ ಸ್ವಿಚ್ಚಿನ ಹಿಡಿ ಬಿಗಿದುಕೊಂಡಿತ್ತು. ಕಾಕಾ ಅದರೊಡನೆ ಗುದ್ದಾಡುತ್ತಿರುವಾಗಲೇ, ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಮೋಟಾರು ಚಾಲೂ ಮಾಡುವ ಆಟೋ ಸ್ಟಾರ್ಟರಿನಿಂದ ಪಂಪ್ ತಾನಾಗಿ ಶುರುವಾಯಿತು. ತಮ್ಮನ ಬಲಗೈಯ ಎರಡು ಬೆರಳು ಹೋದವು.

ವಿಚಾರಣೆಗೆ ಬಂದ ಸಾಹೇಬರಿಗೆ ನಾನು ತಪ್ಪು ನನ್ನದೆಂದು ಹೇಳಿದೆ. ಕಾಕಾ ಅಲ್ಲ, ನಂದೇ ಎಂದರು. ಸಾಹೇಬರು ಯಾರ ಹೆಸರನ್ನೂ ಬರೆಯದೆ ಕಾಗದ ಮಡಿಚಿ ಹೋದರು. ಆಸ್ಪತ್ರೆಯ ವರಾಂಡದಲ್ಲಿ ಕಾಕಾನ ಪಕ್ಕ ಕೂತು, ನನಗೆ ಕೇಳಿಸಿದ್ದೇನೆಂದು ಬಿಡಿಸಿ ಹೇಳಿದೆ.

ಕಾಕಾ, "ನಿಮ್ದೇನ್ ತಪ್ಪಿಲ್ರಿ ಮೇಡಮ್. ನಮ್ಮ ಮಾತೇ ಹಂಗ ಅದ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ.

ಸ್ವಿಚ್ ಬದಲಾಯಿತು. ಗಾಯ ಮಾಗಿ ತಮ್ಮನೂ ಕೆಲಸಕ್ಕೆ ಮರಳಿದರು, ಈಗ ನಟ್ಟು ತಿರುಗಿಸುವ ಪಾನಾ ಹಿಡಿಯುವುದು ಎಡಗೈಯಲ್ಲಿ. ಮೊನ್ನೆ ಮತ್ತೆ ಕರೆಂಟ್ ಹೋಗಿ ಬಂತು. ನಾನು ಮೆಟ್ಟಿಲ ಬಳಿಯಿಂದ ಏನಾಯಿತೆಂದು ಕೂಗಿ ಕೇಳಿದೆ.

"ಲೈಟ್ ಆಲೀ, ಮ್ಯಾಡಮ್" ಎಂದರು ಕಾಕಾ, ಕರೆಂಟ್ ಬಂತೆಂದು ಮರಾಠಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ.

ಸಿಟ್ಟಿನಿಂದಲ್ಲ, ಅದು ನನಗೆ ಗೊತ್ತು. ತಮ್ಮನೊಡನೆ ಈಗಲೂ ಅವರದು ಅದೇ ಯಾದಗಿರಿ ಮಾತು. ನಾನು ಕನ್ನಡದಲ್ಲಿ ಏನು ಕೇಳಿದರೂ ಮರಾಠಿಯಲ್ಲೇ ಉತ್ತರ ಕೊಡುತ್ತಾರೆ.